ಕೊಳ್ಳುವ ಮನೆಯೂ ಗೋಡೆಯ ಬೂಷ್ಟೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದ ಹಿರಿಯರು, ಬೇರೊಬ್ಬರು ಕಟ್ಟಿದ ಮನೆಯನ್ನು ಕೊಳ್ಳುವ ಕಷ್ಟವನ್ನು ಕುರಿತು ಏನನ್ನೂ ಹೇಳದೆ ಹೋದರು. ಅವರ ಕಾಲದಲ್ಲಿ ಮನೆಗಳನ್ನು ಕೊಂಡು ಮಾರುವ ವಾಡಿಕೆ ಅಷ್ಟಾಗಿ ಇರಲಿಲ್ಲವೆಂದು ತೋರುತ್ತದೆ. ಈಗ ಹಾಗಿಲ್ಲ. ನಮ್ಮ ಶಾಲೆಯ ಮಕ್ಕಳ ತಂದೆತಾಯಂದಿರಲ್ಲಿ ಅನೇಕರು ಬಾಡಿಗೆಯ ಮನೆಗಳಲ್ಲಿ ಇರತಕ್ಕವರು. ಒಂದಿಷ್ಟು ಹಣ ಕೂಡಿದೊಡನೆ ಶಾಲೆಗೂ ಪೇಟೆಗೂ ಸಮೀಪವಾದ ಹಳೆಯ ಮನೆಯೊಂದನ್ನು ಕೊಳ್ಳುವ ಆಲೋಚನೆ ಅವರಿಗೆ ಬರುವುದು ಸಹಜ. ಅಂತಹ ಒಂದು ಸಂಸಾರದವರು ಎರಡು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ ನಮ್ಮ ಬಳಿಗೆ ಬಂದು, “ಮಾಷ್ಟ್ರೇ, ಒಂದು ಮನೆ ನೋಡಿದ್ದೇವೆ. ನೀವೂ ಒಮ್ಮೆ ಬಂದು ನೋಡಬೇಕು” ಎಂದರು.

ಅವರಿಗೆ ಇಬ್ಬರು ಮಕ್ಕಳು. ಇಬ್ಬರೂ ನಮ್ಮ ಶಾಲೆಯವರೇ. ಹಿರಿಯವಳು ಆಗ ಆರನೆಯ ತರಗತಿ. ಅವರಿದ್ದ ಬಾಡಿಗೆಯ ಮನೆಯ ಸಮೀಪದಲ್ಲಿ ಕನ್ನಡ ಶಾಲೆ ಇಲ್ಲ. ಮಕ್ಕಳು ದಿನವೂ ಎರಡು ಬಸ್ಸು ಹತ್ತಿ ಬರಬೇಕಾಗಿತ್ತು. ಕಿರಿಯವನಿಗೆ ಉಬ್ಬಸ. ಮಳೆಗಾಲದಲ್ಲಿ ವಾರಕ್ಕೆ ಒಂದು ದಿನವಾದರೂ ಅವನ ಹಾಜರಿ ತಪ್ಪುತ್ತಿತ್ತು. ಮಾರಾಟಕ್ಕಿದ್ದ ಮನೆಯಾದರೋ ಶಾಲೆಯ ಗಂಟೆ ಕೇಳಿಸುವಷ್ಟು ಹತ್ತಿರ. ಬೆಲೆಯೂ ಸುತ್ತಲಿನ ಮನೆಗಳಿಗಿಂತ ಕಡಿಮೆ. ಇದು ಕೂಡಿಬರದಿದ್ದರೆ ಕಿರಿಯವನನ್ನು ಮನೆಯ ಬಳಿಯ ಬೇರೆ ಮಾಧ್ಯಮದ ಶಾಲೆಗೆ ಸೇರಿಸುವುದೇ ಸರಿಯೆಂದು ತಂದೆಯವರು ಹೇಳಿದಾಗ, ಗೋಡೆಯ ಮೇಲಿನ ಒಂದು ಕಲೆಯ ವಿಚಾರ ಎಲ್ಲಿಂದ ಎಲ್ಲಿಗೆ ಮುಟ್ಟುತ್ತದೆಂಬುದು ನಮಗೆ ಹೊಳೆಯಿತು.

ಮನೆ ನೋಡಲು ಹೋದೆವು. ನಾಲ್ಕು ಕೋಣೆ, ಒಂದು ಚಾವಡಿ, ತಾರಸಿಯ ಮಾಡು, ಮುಂದೆ ಬಾವಿ. ಹಿಂಬದಿಯಲ್ಲಿ ಗುಡ್ಡೆಯನ್ನು ಕಡಿದು ಸಮ ಮಾಡಿದ ಎತ್ತರದ ಬರೆ. ಗೋಡೆಗಳಿಗೆಲ್ಲ ಹೊಸದಾಗಿ ಬಣ್ಣ ಬಳಿದಿತ್ತು. ಕೋಣೆಯೊಳಗೆ ಬಣ್ಣದ ವಾಸನೆಯಲ್ಲದೆ ಬೇರೆ ವಾಸನೆಯಿಲ್ಲ. ಕುಂಭ ಮಾಸದ ಬಿಸಿಲಿನಲ್ಲಿ ಎಲ್ಲವೂ ಬೆಳ್ಳಗೆ, ಒಣಗಿ, ಚೆನ್ನಾಗಿ ಕಾಣುತ್ತಿತ್ತು. ದೊಡ್ಡವರಾದ ನಾವು ಮಾಡು ನೋಡಿದೆವು, ಬಾವಿಗೆ ಇಣುಕಿದೆವು, ಬಾಗಿಲಿನ ಮರ ಹಲಸಿನದೋ ಅಲ್ಲವೋ ಎಂದು ಚರ್ಚಿಸಿದೆವು. ಆರನೆಯ ತರಗತಿಯ ಹುಡುಗಿ ಮಾತ್ರ ಹಿಂದಿನ ಕೋಣೆಯಿಂದ ಬಂದು, “ಸರ್, ಆ ಕೋಣೆಯ ಕಪಾಟನ್ನು ಗೋಡೆಗೆ ತಾಗಿಸದೆ ಒಂದು ಗೇಣು ದೂರ ಇಟ್ಟಿದ್ದಾರೆ. ಹಿಂದಿನ ಗೋಡೆಯ ಮೊಳೆಗಳಿಗೆ ಮಾತ್ರ ತುಕ್ಕು ಹಿಡಿದಿದೆ” ಎಂದಳು. ನಾವು ಹೋಗಿ ಕಪಾಟಿನ ಬಾಗಿಲು ತೆರೆದೆವು. ಒಳಗಿನಿಂದ ಮುಗ್ಗಲು ವಾಸನೆ ಹೊರಬಂತು.

ಮನೆಯ ಒಡತಿ ವಯಸ್ಸಾದವರು, ಒಳ್ಳೆಯವರು. ನಾವು ಕೇಳಿದಾಗ ಅವರು ಮುಚ್ಚುಮರೆಯಿಲ್ಲದೆಯೇ, “ಮಳೆಗಾಲದಲ್ಲಿ ಯಾರ ಮನೆ ಒದ್ದೆಯಾಗುವುದಿಲ್ಲ, ಮಾಷ್ಟ್ರೇ?” ಎಂದರು. ಈ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲ. ಕಾಸರಗೋಡಿನ ಸೀಮೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಬೆಂಗಳೂರಿನಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು 1000 ಮಿಲಿಮೀಟರ್. ಸೊಲ್ಲಾಪುರ, ಜತ್ತ ಕಡೆಯ ನಮ್ಮ ಭಾಷಾಬಂಧುಗಳು ಈ ಲೇಖನವನ್ನು ಓದಿದರೆ, ಮಳೆ ಹೆಚ್ಚಾಯಿತೆಂದು ದೂರುವವರೂ ಉಂಟೆ ಎಂದು ನಕ್ಕಾರು. ಆದರೆ ಒದ್ದೆಯಾಗಿ ಒಣಗುವ ಮನೆ ಬೇರೆ, ಒದ್ದೆಯಾಗಿಯೇ ಉಳಿಯುವ ಮನೆ ಬೇರೆ. ಕೊಳ್ಳುವವರು ತಿಳಿಯಬೇಕಾದುದು ಈ ಭೇದವನ್ನು.

ಮೊದಲು ಬೂಷ್ಟೆಂದರೇನೆಂಬುದನ್ನು ವಿದ್ಯಾರ್ಥಿಗಳು ತಿಳಿಯತಕ್ಕದ್ದು. ಹಳಸಿದ ದೋಸೆಯ ಮೇಲೆ, ಚರ್ಮದ ಚಪ್ಪಲಿಯ ಮೇಲೆ, ಪೆಟ್ಟಿಗೆಯಲ್ಲಿಟ್ಟ ಪಟ್ಟೆಯ ಸೀರೆಯ ಮೇಲೆ ನಾವು ಕಾಣುವ ಬಿಳಿಯ, ಹಸುರು ಅಥವಾ ಕರಿಯ ರೋಮದಂತಹ ಬೆಳೆಯೇ ಬೂಷ್ಟು. ಪಾಠಪುಸ್ತಕದಲ್ಲಿ ಇದನ್ನು ಶಿಲೀಂಧ್ರವೆಂದು ಕರೆಯುತ್ತಾರೆ. ಇದು ಅಣಬೆಯ ಬಂಧು. ಸಸ್ಯಗಳಂತೆ ಬಿಸಿಲಿನಿಂದ ತನ್ನ ಅನ್ನವನ್ನು ತಾನೇ ಮಾಡಿಕೊಳ್ಳಲಾರದು. ಸತ್ತ ಸಾವಯವ ಪದಾರ್ಥವನ್ನು ಕರಗಿಸಿ ಹೀರಿಕೊಂಡು ಬೆಳೆಯುತ್ತದೆ. ಇದರ ಬೀಜಕಗಳು ಗಾಳಿಯಲ್ಲಿ ಎಲ್ಲೆಡೆಯೂ ತೇಲುತ್ತಿರುತ್ತವೆ. ಶುಚಿಯಾದ ಮನೆಯಲ್ಲಿಯೂ ಅವು ಇಲ್ಲದ ಕೋಣೆಯಿಲ್ಲ. 1928ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರ ಗಾಜಿನ ತಟ್ಟೆಯ ಮೇಲೆ ಹೀಗೆ ತೇಲಿಬಂದ ಒಂದು ಬೀಜಕ ಬಿದ್ದು ಬೆಳೆದುದರಿಂದಲೇ ಪೆನಿಸಿಲಿನ್ ಎಂಬ ಔಷಧದ ದಾರಿ ತೆರೆಯಿತು. ಆದುದರಿಂದ ಬೂಷ್ಟಿನ ಕುಲವನ್ನೇ ಶಪಿಸುವುದು ಕೃತಘ್ನತೆಯಾದೀತು. ಆದರೆ ಮಲಗುವ ಕೋಣೆ ಅದಕ್ಕೆ ತಕ್ಕ ಸ್ಥಳವಲ್ಲ.

ಬೀಜಕ ಎಲ್ಲೆಡೆಯೂ ಇದೆ; ತಿನ್ನಲು ಬಣ್ಣ, ಮರ, ಕಾಗದ, ಧೂಳು ಎಲ್ಲ ಮನೆಗಳಲ್ಲಿಯೂ ಇವೆ; ನಮ್ಮ ನಾಡಿನ ಸೆಕೆಯೂ ಅದಕ್ಕೆ ಹಿತವಾದುದೇ. ಇನ್ನುಳಿದುದು ನೀರೊಂದೇ. ವಸ್ತುವೊಂದು ನೆನೆದು ಒಂದೆರಡು ದಿನಗಳಲ್ಲಿ ಒಣಗಿದರೆ ಸಾಮಾನ್ಯವಾಗಿ ಬೂಷ್ಟು ಹಿಡಿಯುವುದಿಲ್ಲ. ಅದಕ್ಕಿಂತ ಹೆಚ್ಚು ಕಾಲ ಒದ್ದೆಯಾಗಿದ್ದರೆ ಹಿಡಿಯುತ್ತದೆ. ಆದುದರಿಂದ ಗೋಡೆಯಲ್ಲಿ ಬೂಷ್ಟನ್ನು ಕಂಡವನು ಬೂಷ್ಟಿನ ಜಾತಿ ಯಾವುದೆಂದು ಕೇಳುವುದಕ್ಕಿಂತ ಆ ನೀರು ಎಲ್ಲಿಂದ ಬಂತೆಂದು ಕೇಳುವುದು ಬುದ್ಧಿವಂತಿಕೆ. ಬೂಷ್ಟನ್ನು ಒರೆಸಿ ಮೇಲೆ ಬಣ್ಣ ಬಳಿಯುವುದು, ಜ್ವರ ಬಂದವನ ಮೈಮೇಲೆ ಹೊಸ ಅಂಗಿ ತೊಡಿಸಿದಂತೆ.

ಮಕ್ಕಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ರೊಟ್ಟಿಯ ಎರಡು ತುಂಡುಗಳನ್ನು ತೆಗೆದುಕೊಂಡು, ಒಂದನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಇನ್ನೊಂದಕ್ಕೆ ಕೆಲವು ಹನಿ ನೀರು ಚಿಮುಕಿಸಿ, ಎರಡು ಗಾಜಿನ ಭರಣಿಗಳಲ್ಲಿಟ್ಟು ಮುಚ್ಚಳ ಭದ್ರಪಡಿಸಿರಿ. ಒಂದು ವಾರದ ಮೇಲೆ ಹೊರಗಿನಿಂದಲೇ ನೋಡಿರಿ. ಮುಚ್ಚಳವನ್ನು ತೆರೆದು ಮೂಸಿ ನೋಡಕೂಡದು; ಉಬ್ಬಸವಿರುವ ಮಕ್ಕಳಂತೂ ಈ ಪ್ರಯೋಗವನ್ನು ಬೇರೆಯವರಿಗೆ ಬಿಡುವುದು ಲೇಸು.

ಇನ್ನು ನಮ್ಮ ಸೀಮೆಯ ಗೋಡೆಗಳ ವಿಚಾರ. ಇಲ್ಲಿನ ಮನೆಗಳನ್ನು ಹೆಚ್ಚಾಗಿ ಮುರಕಲ್ಲಿನಿಂದ ಕಟ್ಟುತ್ತಾರೆ. ಈ ಕಲ್ಲು ವಿದ್ವತ್ಪ್ರಪಂಚಕ್ಕೆ ಪರಿಚಯವಾದುದು ನಮ್ಮ ನೆರೆಯಿಂದಲೇ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು 1800ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ನೆಲದಿಂದ ಕಡಿದು ತೆಗೆಯುವುದನ್ನು ಕಂಡು, 1807ರಲ್ಲಿ ಅಚ್ಚಾದ ತಮ್ಮ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂಬ ಹೆಸರನ್ನಿಟ್ಟರು. ಲ್ಯಾಟಿನಿನಲ್ಲಿ ಇಟ್ಟಿಗೆಗೆ ಲೇಟರ್ ಎನ್ನುತ್ತಾರೆ. ನೆಲದೊಳಗೆ ಮೆತ್ತಗಿದ್ದು ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ ಈ ಕಲ್ಲು ಅವರಿಗೆ ಇಟ್ಟಿಗೆಯಂತೆ ಕಂಡಿತು. ಒಳ್ಳೆಯ ಮುರಕಲ್ಲಿನ ಮನೆ ತಲೆಮಾರುಗಳವರೆಗೆ ನಿಲ್ಲುತ್ತದೆ. ಆದರೆ ಇದರಲ್ಲಿ ಸಣ್ಣ ಸಣ್ಣ ತೂತುಗಳಿವೆ, ನೀರನ್ನು ಕುಡಿಯುತ್ತದೆ. ಹಿಂದಿನವರು ಇದಕ್ಕೆ ಸುಣ್ಣದ ಸಾರಣೆ ಮಾಡಿ, ಮಾಡನ್ನು ಗೋಡೆಯಿಂದ ಎರಡು ಮೂರು ಅಡಿ ಹೊರಗೆ ಇಳಿಸಿ, ಸುತ್ತಲೂ ಜಗಲಿ ಕಟ್ಟಿ, ಆಟಿ ತಿಂಗಳಿಗೆ ಮೊದಲೇ ಗಾಳಿ ಬರುವ ದಿಕ್ಕಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಸುಣ್ಣದ ಸಾರಣೆ ನೆನೆದರೂ ಉಸಿರಾಡಿ ಒಣಗುತ್ತಿತ್ತು. ಆಮೇಲೆ ಬಂದ ಪೆಟ್ಟಿಗೆಯಂತಹ ತಾರಸಿಮನೆಗಳಲ್ಲಿ ಇಳಿಮಾಡು ಹೋಯಿತು, ಜಗಲಿ ಹೋಯಿತು. ಸಿಮೆಂಟಿನ ಸಾರಣೆಯ ಮೇಲೆ ರಬ್ಬರಿನಂತಹ ಬಣ್ಣ ಬಂತು. ಸೀಳಿನಿಂದ ಒಳಹೊಕ್ಕ ನೀರಿಗೆ ಹೊರಹೋಗಲು ದಾರಿಯಿಲ್ಲದಾಯಿತು. ಇಂದು ನಮ್ಮ ಊರುಗಳಲ್ಲಿ ಕಾಣುವ ತಾರಸಿಯ ಮೇಲಿನ ತಗಡಿನ ಚಪ್ಪರಗಳಲ್ಲಿ ಕೆಲವು ಅಡಿಕೆ ಒಣಗಿಸಲು ಹಾಕಿದವು, ಕೆಲವು ಸೋರುವುದನ್ನು ತಡೆಯಲು ಹಾಕಿದವು. ಯಾವುದೆಂದು ಕೇಳಿ ತಿಳಿಯತಕ್ಕದ್ದು.

ಗೋಡೆಗೆ ನೀರು ಬರುವ ದಾರಿಗಳು ಕೆಲವೇ. ಮಾಡು ಸೋರಿದರೆ ಕಲೆ ಮೇಲಿನಿಂದ ಕೆಳಗೆ ಇಳಿಯುತ್ತದೆ. ಮಳೆ ಬಂದು ಕೆಲವು ಗಂಟೆಗಳಲ್ಲೇ ಕಪ್ಪಾಗುತ್ತದೆ. ಎರಚಲಿನ ನೀರಾದರೆ ಪಡುವಣ ಮತ್ತು ತೆಂಕಣ ಗೋಡೆಗಳಲ್ಲಿ, ಕಿಟಕಿಯ ಸುತ್ತ, ಸಾರಣೆ ಬಿರಿದಲ್ಲಿ ಕಾಣಿಸುತ್ತದೆ. ನಮ್ಮ ಮಳೆಗಾಳಿ ಆ ದಿಕ್ಕಿನದಷ್ಟೆ. ಬಚ್ಚಲಿನ ಕೊಳವೆ ಒಡೆದಿದ್ದರೆ ಬೇಸಗೆಯಲ್ಲಿಯೂ ಕಲೆ ಒಣಗುವುದಿಲ್ಲ. ಇವು ಮೂರೂ ಮೇಸ್ತ್ರಿಯ ಕೈಯಲ್ಲಿ ಸರಿಯಾಗತಕ್ಕವು. ನಾಲ್ಕನೆಯದು ನೆಲದಿಂದ ಏರುವ ತೇವ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ತೂತುಳ್ಳ ಕಲ್ಲು ನೆಲದ ನೀರನ್ನು ಮೇಲಕ್ಕೆಳೆಯುತ್ತದೆ. ಇದು ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿನಲ್ಲಿ ನಿಂತು, ಅಲ್ಲಿ ಅಡ್ಡಗೆರೆಯಂತೆ ಉಪ್ಪಿನ ಬಿಳಿಪುಡಿಯನ್ನು ಬಿಡುತ್ತದೆ. ಪಂಚಾಂಗದ ಮೇಲೆ ನೀರು ತಡೆಯುವ ಪದರವನ್ನು ಹಾಕಿ ಕಟ್ಟಿದ ಮನೆಗೆ ಈ ಕಾಟ ಕಡಿಮೆ. ಹಾಕದೆ ಕಟ್ಟಿದ ಗೋಡೆಗೆ ಆಮೇಲೆ ಅದನ್ನು ಸೇರಿಸುವುದು ಬಲು ಕಷ್ಟ. ಹಿಂಬದಿಯ ಬರೆಗೆ ಒತ್ತಿ ಕಟ್ಟಿದ ಗೋಡೆಯದು ಇದಕ್ಕಿಂತಲೂ ಕಷ್ಟದ ಕಥೆ. ಮಳೆಗಾಲದಲ್ಲಿ ಗುಡ್ಡೆಯ ಒಸರು ಬರೆಯಿಂದ ನೇರವಾಗಿ ಗೋಡೆಗೇ ಇಳಿಯುತ್ತದೆ, ಮಳೆ ನಿಂತ ಮೇಲೆಯೂ ಹಲವು ವಾರ ಇಳಿಯುತ್ತಲೇ ಇರುತ್ತದೆ.

ಐದನೆಯದು ಹೊರಗಿನ ನೀರೇ ಅಲ್ಲ. ಕೋಣೆಯ ಗಾಳಿಯಲ್ಲಿರುವ ಆವಿ. 30 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ಆವಿಯನ್ನು ಹಿಡಿಯಬಲ್ಲುದು. 25 ಡಿಗ್ರಿಯದು ಸುಮಾರು 23 ಗ್ರಾಂ. ಮಳೆಗಾಲದ ಗಾಳಿಯಲ್ಲಿ ನೂರಕ್ಕೆ ಎಂಬತ್ತರಷ್ಟು ತೇವವಿದ್ದರೆ 30 ಡಿಗ್ರಿಯಲ್ಲಿ 24 ಗ್ರಾಂ ಆವಿ ಇದೆಯೆಂದಾಯಿತು. ಆ ಗಾಳಿ 25 ಡಿಗ್ರಿಯ ತಂಪುಗೋಡೆಗೆ ತಾಗಿದರೆ, ಹಿಡಿಯಲಾಗದ ಒಂದು ಗ್ರಾಂ ನೀರಾಗಿ ಗೋಡೆಗಂಟುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಟ್ಟೆ ಒಣಗಹಾಕಿದರೆ ಈ ಲೆಕ್ಕ ಇನ್ನೂ ಕೆಡುತ್ತದೆ. ಇದಕ್ಕೆ ಮನೆಯ ದೋಷಕ್ಕಿಂತ ವಾಸದ ರೀತಿ ಕಾರಣ. ಇದರಿಂದ ಹೆದರಿ ಮನೆಯನ್ನು ಬಿಡಬೇಕಾಗಿಲ್ಲ.

ಗೋಡೆಯೊಳಗಿನ ನೀರೋ ಗಾಳಿಯ ನೀರೋ ಎಂದು ತಿಳಿಯಲು ಒಂದು ಸುಲಭೋಪಾಯವಿದೆ. ಒಂದು ಅಡಿ ಉದ್ದಗಲದ ಅಲ್ಯೂಮಿನಿಯಂ ಹಾಳೆಯನ್ನು ಗೋಡೆಯ ಮೇಲಿಟ್ಟು ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಗಾಳಿಯಾಡದಂತೆ ಅಂಟಿಸಬೇಕು. ಎರಡು ದಿನಗಳ ಮೇಲೆ ನೋಡಿದಾಗ ಹಾಳೆಯ ಒಳಮೈ ಒದ್ದೆಯಾಗಿದ್ದರೆ ನೀರು ಗೋಡೆಯದು. ಹೊರಮೈ ಒದ್ದೆಯಾಗಿದ್ದರೆ ಕೋಣೆಯ ಗಾಳಿಯದು. ಬಿಳಿಯ ಪುಡಿ ಉಪ್ಪೋ ಬೂಷ್ಟೋ ಎಂಬ ಸಂಶಯ ಬಂದರೆ ಒಂದು ಹನಿ ನೀರು ಹಾಕಿರಿ; ಉಪ್ಪಾದರೆ ಕರಗುತ್ತದೆ. ಕರಿಯ ಕಲೆ ಕೊಳೆಯೋ ಬೂಷ್ಟೋ ಎಂದು ತಿಳಿಯಲು ದೊಡ್ಡವರು ಬ್ಲೀಚಿಂಗ್ ಪುಡಿಯ ತಿಳಿನೀರಿನ ಒಂದು ಹನಿಯನ್ನು ತಾಗಿಸಿ ನೋಡಬಹುದು; ಬೂಷ್ಟಾದರೆ ಒಂದೆರಡು ನಿಮಿಷಗಳಲ್ಲಿ ಬಣ್ಣ ಮಾಸುತ್ತದೆ, ಕೊಳೆ ಹಾಗೆಯೇ ಉಳಿಯುತ್ತದೆ. ಆ ಪುಡಿಯನ್ನು ಶೌಚಾಲಯ ತೊಳೆಯುವ ಆಮ್ಲದೊಂದಿಗೆ ಎಂದಿಗೂ ಬೆರೆಸಕೂಡದು, ವಿಷವಾಯು ಹುಟ್ಟುತ್ತದೆ.

ಆರೋಗ್ಯದ ವಿಚಾರದಲ್ಲಿ ಜನರು ಎರಡು ಬಗೆಯಾಗಿ ತಪ್ಪುತ್ತಾರೆ. ಮಳೆಗಾಲದ ಬೂಷ್ಟು ಅಜ್ಜನ ಕಾಲದಿಂದಲೂ ಇದ್ದುದೇ ಎಂದು ಕೆಲವರು ಕಡೆಗಣಿಸುತ್ತಾರೆ. ಕರಿಯ ಬೂಷ್ಟನ್ನು ಕಂಡರೆ ಪ್ರಾಣವೇ ಹೋಯಿತೆಂದು ಕೆಲವರು ಬೆದರುತ್ತಾರೆ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ 1993-94ರಲ್ಲಿ ಕೆಲವು ಎಳೆಯ ಶಿಶುಗಳ ಶ್ವಾಸಕೋಶದಲ್ಲಿ ರಕ್ತಸ್ರಾವವಾದಾಗ ಕರಿಯ ಬೂಷ್ಟೇ ಕಾರಣವಿರಬೇಕೆಂಬ ಮಾತು ಹುಟ್ಟಿ ಲೋಕವೆಲ್ಲ ಹರಡಿತು. ಆ ಸಂಬಂಧ ಸಿದ್ಧವಾಗಿಲ್ಲವೆಂದು ಅಲ್ಲಿನ ಸರಕಾರದ ರೋಗನಿಯಂತ್ರಣ ಕೇಂದ್ರವೇ 2000ದಲ್ಲಿ ಪ್ರಕಟಿಸಿತು. ಆದರೆ ಮೊದಲಿನ ಸುದ್ದಿ ಓಡಿದಷ್ಟು ವೇಗವಾಗಿ ಎರಡನೆಯದು ಓಡಲಿಲ್ಲ. ನಿಶ್ಚಿತವಾದ ಮಾತನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದೆ: ತೇವವೂ ಬೂಷ್ಟೂ ಇರುವ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಸಿರಿನ ಸಿಳ್ಳು, ಉಬ್ಬಸದ ಉಲ್ಬಣ ಹೆಚ್ಚು. ಇಷ್ಟು ಬೂಷ್ಟಿದ್ದರೆ ಅಪಾಯವಿಲ್ಲವೆಂಬ ಒಂದು ಮಿತಿಯನ್ನು ಹೇಳಲು ಬರುವುದಿಲ್ಲವೆಂದೂ, ತೇವವನ್ನೇ ತಡೆಯಬೇಕೆಂದೂ ಅದು ತಿಳಿಸಿದೆ. ಗಟ್ಟಿಮುಟ್ಟಾದ ಪ್ರಾಯದವನೊಬ್ಬನಿಗೆ ಸಹ್ಯವಾದ ಕೋಣೆ ಉಬ್ಬಸದ ಮಗುವಿಗೆ ಸಹ್ಯವಲ್ಲ. ಆದುದರಿಂದ ಒಂದೇ ಮನೆಯ ವಿಚಾರವಾಗಿ ಇಬ್ಬರು ಕೊಳ್ಳುವವರಿಗೆ ಎರಡು ಬೇರೆ ಉತ್ತರಗಳು ಸರಿಯಾಗಿರಬಹುದು. ನಮ್ಮ ಆ ಸಂಸಾರದವರು ಹುಡುಗನ ವೈದ್ಯರನ್ನೇ ಕೇಳಿದರು. ಕಣ್ಣಿಗೆ ಕಾಣುವ ಬೂಷ್ಟಿನ ಕೋಣೆಯಲ್ಲಿ ಅವನನ್ನು ಮಲಗಿಸಲೇಬಾರದೆಂದು ಅವರು ಸ್ಪಷ್ಟವಾಗಿ ಹೇಳಿದರು.

ಇಲ್ಲಿ ಕಾನೂನಿನ ಒಂದು ಮಾತು. 1882ರ ಸ್ವತ್ತು ಹಸ್ತಾಂತರ ಕಾಯಿದೆಯ 55ನೆಯ ಕಲಮಿನಂತೆ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು; ತಿಳಿಸದಿರುವುದು ವಂಚನೆಯೆನಿಸುತ್ತದೆ. ಆದರೆ ಆ ದೋಷವು ಸಾಧಾರಣ ಎಚ್ಚರಿಕೆಯಿಂದ ನೋಡಿದರೆ ಕೊಳ್ಳುವವನಿಗೆ ತಿಳಿಯಲಾರದಂತಹದಾಗಿರಬೇಕು. ಕಣ್ಣಿಗೆ ಕಾಣುವ ಕಲೆಯನ್ನು ನೋಡದೆ ಕೊಂಡವನಿಗೆ ಕಾಯಿದೆಯ ಆಸರೆ ಸಿಗುವುದು ಕಷ್ಟ. ಆದುದರಿಂದ ಕೇಳಬೇಕು; ಕೇಳಿದುದಕ್ಕೆ ಬಂದ ಉತ್ತರವನ್ನು ಕರಾರಿನಲ್ಲಿ ಬರೆಸಬೇಕು. ನಮ್ಮಲ್ಲಿ ಕರಾರುಗಳನ್ನು ಸಾಮಾನ್ಯವಾಗಿ ಮಲಯಾಳದಲ್ಲಿ ಬರೆಯುವುದರಿಂದ, ಆ ಲಿಪಿ ಬಾರದವರು ಬಲ್ಲವರಿಂದ ಪ್ರತಿಯೊಂದು ವಾಕ್ಯವನ್ನೂ ಓದಿಸಿಕೊಂಡೇ ರುಜು ಹಾಕಬೇಕು. ಋಣಭಾರದ ಪತ್ರವನ್ನು ತೆಗೆಸಿ ನೋಡುವ ಪಾಲಕರೂ ಕೂಡ ಗೋಡೆಯ ವಿಚಾರವನ್ನು ಬರವಣಿಗೆಗೆ ತರಲು ಸಂಕೋಚಪಡುತ್ತಾರೆ. ಏಕೆಂಬುದು ನಮಗೆ ತಿಳಿಯದು.

ನಮ್ಮ ಸಲಹೆ ಒಂದೇ ಆಗಿತ್ತು: ಈ ಮನೆಯನ್ನು ಮಳೆಗಾಲದಲ್ಲಿ ನೋಡಬೇಕು. ಈ ಸಲಹೆಗೆ ನಮ್ಮ ಸ್ವಂತ ಅವಿವೇಕವೇ ಆಧಾರ. ಹಿಂದೆ ನಾವು ಏಪ್ರಿಲಿನಲ್ಲಿ ನೋಡಿ ಒಪ್ಪಿದ ಒಂದು ಬಾಡಿಗೆಯ ಮನೆಯಲ್ಲಿ, ಆಟಿ ತಿಂಗಳಲ್ಲಿ ಪುಸ್ತಕದ ಕಪಾಟು ತೆರೆದಾಗ ನಿಘಂಟಿನ ರಟ್ಟಿನ ಮೇಲೆ ಹಸುರು ಗದ್ದೆಯೇ ಎದ್ದಿತ್ತು. ಅಮ್ಮನವರು ಮೊದಲು ಒಪ್ಪಲಿಲ್ಲ. ಕೊಳ್ಳುವವರು ಬೇರೆಯವರೂ ಇದ್ದಾರೆ, ನಾಲ್ಕು ತಿಂಗಳು ಯಾರು ಕಾಯುತ್ತಾರೆ ಎಂದರು. ಹಾಗೆ ಬೇರೊಬ್ಬರು ಕೊಂಡುಬಿಟ್ಟರೆ ಶಾಲೆಯ ಬಳಿಯ ಮನೆ ತಪ್ಪಿಹೋಗುತ್ತದೆ. ಆ ತಾಯಿಯ ಮುಖದಲ್ಲಿ ಈ ಭಯ ಕಾಣುತ್ತಿತ್ತು. ನಾವೂ ಮನಸ್ಸಿನಲ್ಲಿ ಹಿಂಜರಿದೆವು. ಕೊನೆಗೆ ಚಿಕ್ಕ ಮೊತ್ತದ ಸಂಚಕಾರ ಕೊಟ್ಟು, ಆಗಸ್ಟ್ ನಡುವಿನವರೆಗೆ ಅವಧಿ ಇಟ್ಟು, ಅಷ್ಟರೊಳಗೆ ಮೂರು ಸಲ ಮನೆಯನ್ನು ನೋಡಲು ಬಿಡತಕ್ಕದ್ದೆಂದೂ, ಒಪ್ಪಿಗೆಯಾಗದಿದ್ದರೆ ಸಂಚಕಾರದ ಅರ್ಧವನ್ನು ಹಿಂದಿರುಗಿಸತಕ್ಕದ್ದೆಂದೂ ಕರಾರಾಯಿತು. ಅರ್ಧ ಹೋದರೆ ನಷ್ಟವೇ ಸರಿ. ಆದರೆ ಇಡೀ ಮನೆಯ ಬೆಲೆಯ ಮುಂದೆ ಅದು ಒಂದು ಮಳೆಗಾಲದ ಬಾಡಿಗೆಯಷ್ಟೂ ಇರಲಿಲ್ಲ.

ಜೂನ್ ಹದಿನೈದರ ಹೊತ್ತಿಗೆ ಮೊದಲನೆಯ ಸಲ ಹೋದೆವು. ತಾರಸಿಯ ಒಂದು ಮೂಲೆಯಲ್ಲಿ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡು, ಕೆಳಗಿನ ಕೋಣೆಯ ಗೋಡೆಯಲ್ಲಿ ಕಲೆ ಇಳಿದಿತ್ತು. ಜುಲೈಯಲ್ಲಿ ಎರಡನೆಯ ಸಲ ಹೋದಾಗ ಪಡುವಣ ಗೋಡೆಯ ಕಿಟಕಿಯ ಕೆಳಗೆ ಹೊಸ ಬಣ್ಣ ಗುಳ್ಳೆಯೆದ್ದಿತ್ತು. ಇವೆರಡನ್ನೂ ಮೇಸ್ತ್ರಿಯವರು ನೋಡಿ ದೊಡ್ಡ ಕೆಲಸವಲ್ಲವೆಂದರು: ಕೊಳವೆ ಬದಲಿಸಿ, ಬಿರಿದ ಸಾರಣೆ ಕಿತ್ತು ಹೊಸದು ಹಾಕಿ, ಕಿಟಕಿಯ ಮೇಲೆ ಎರಡೂವರೆ ಅಡಿಯ ಇಳಿಮಾಡು ಕೊಟ್ಟರೆ ಸಾಕು. ಹಿಂದಿನ ಕೋಣೆಗೆ ಹೋದಾಗ ಅವರು ಮಾತಾಡಲಿಲ್ಲ. ಗೋಡೆ ಮೊಣಕಾಲಿನ ಎತ್ತರಕ್ಕೂ ಮೇಲೆ ಒದ್ದೆ. ಕಪಾಟಿನ ಹಿಂದೆ ಮೂರಡಿಗೆ ಮೂರಡಿಗಿಂತ ದೊಡ್ಡದಾದ ಕರಿಯ ಬೂಷ್ಟು. ಕೈಯಿಂದ ತೊಳೆಯಲು ತಕ್ಕ ಬೂಷ್ಟಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸುಮಾರು ಹತ್ತು ಚದರ ಅಡಿಯ ಮಿತಿಯನ್ನು ಹೇಳುತ್ತದೆ. ಇದು ಅದನ್ನು ಮೀರಿತ್ತು. ಹುಡುಗಿ ಅಂಟಿಸಿಟ್ಟಿದ್ದ ಅಲ್ಯೂಮಿನಿಯಂ ಹಾಳೆಯ ಒಳಮೈಯಿಂದ ನೀರು ತೊಟ್ಟಿಕ್ಕಿತು.

ಬರೆಗೂ ಗೋಡೆಗೂ ನಡುವೆ ಆಳವಾದ ಕಣಿ ತೋಡಿ ಒಸರನ್ನು ಬದಿಗೆ ಹರಿಸಿದರೆ ಆ ಗೋಡೆ ಉಳಿದೀತೆಂದು ಮೇಸ್ತ್ರಿಯವರು ಆಮೇಲೆ ಹೇಳಿದರು. ಕಣಿಗೆ ಬೇಕಾದ ಎರಡಡಿ ಸ್ಥಳ ನೆರೆಯವರ ಗಡಿಯೊಳಗಿತ್ತು. ಕೇಳಿದಾಗ, ಬರೆ ಜರಿದರೆ ತಮ್ಮ ತೆಂಗಿನ ಮರಗಳಿಗೆ ಅಪಾಯವೆಂದು ಅವರು ಒಪ್ಪಲಿಲ್ಲ. ಅವರ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಕೊಳ್ಳುವವನ ಹಣದಿಂದ ಸರಿಯಾಗುವ ದೋಷ ಒಂದು ಬಗೆ. ಬೇರೊಬ್ಬರ ಒಪ್ಪಿಗೆಯಿಲ್ಲದೆ ಸರಿಯಾಗದ ದೋಷ ಇನ್ನೊಂದು ಬಗೆ. ಎರಡನೆಯದನ್ನು ಬೆಲೆ ಇಳಿಸಿ ಕೊಳ್ಳುವುದರಿಂದ ದೋಷ ಹೋಗುವುದಿಲ್ಲ. ನಾಲ್ಕೂ ಕೋಣೆಗಳ ಗೋಡೆಗಳು ಹೀಗಿದ್ದರೆ ಸಂಚಕಾರದ ಅರ್ಧವನ್ನು ಬಿಟ್ಟು ಬರುವುದೇ ಸರಿಯೆಂದು ನಾವು ನಿಸ್ಸಂಶಯವಾಗಿ ಹೇಳುತ್ತಿದ್ದೆವು.

ಇಲ್ಲಿ ಆ ತಾಯಿಯವರೇ ದಾರಿ ಕಂಡರು. “ಇದನ್ನು ನಾಲ್ಕು ಕೋಣೆಯ ಮನೆಯೆಂದು ಏಕೆ ಎಣಿಸಬೇಕು? ಮೂರು ಕೋಣೆಯ ಮನೆಯೆಂದು ಎಣಿಸೋಣ” ಎಂದರು. ಹಿಂದಿನ ಕೋಣೆಗೆ ಒಳಗಿನಿಂದ ಇರುವ ಬಾಗಿಲನ್ನು ಕಲ್ಲಿನಿಂದ ಮುಚ್ಚಿ, ಅದರ ಎರಡು ಬದಿಯ ಗೋಡೆಗಳನ್ನು ಅರ್ಧಕ್ಕೆ ಇಳಿಸಿ, ಗಾಳಿಯಾಡುವ ಸೌದೆಯ ಕೊಟ್ಟಿಗೆ ಮಾಡುವುದು. ತಾರಸಿಯ ಭಾರಕ್ಕೆ ಮೂಲೆಗಳಲ್ಲಿ ಕಂಬ ಕೊಡುವುದು. ಮನೆಗೆ ಬೆಲೆ ಕಟ್ಟುವಾಗ ಆ ಕೋಣೆಯನ್ನು ಬಿಟ್ಟು, ಅದನ್ನು ಮಾರ್ಪಡಿಸುವ ಖರ್ಚನ್ನೂ ಕಳೆಯುವುದು. ಒಡತಿ ಅಮ್ಮನವರಿಗೆ ಇದನ್ನು ಕೇಳಿ ಬೇಸರವಾಯಿತು. ಅದು ಅವರ ಬಾಣಂತಿ ಕೋಣೆಯಾಗಿತ್ತಂತೆ. ಮೂರು ದಿನ ಬಿಟ್ಟು ಹೇಳಿಕಳುಹಿಸಿ ಒಪ್ಪಿದರು.

ಅಕ್ಟೋಬರಿನಲ್ಲಿ ಆಧಾರ ನೋಂದಾವಣೆಯಾಯಿತು. ಕೂಡಲೇ ವಾಸಕ್ಕೆ ಹೋಗುವ ಆತುರ ಅವರಿಗಿತ್ತು, ನಾವು ತಡೆದೆವು. ನೆನೆದ ಗೋಡೆ ಒಣಗಲು ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕೆಂಬುದು ಕಟ್ಟಡದವರ ಸ್ಥೂಲವಾದ ಲೆಕ್ಕ. ಒಂಬತ್ತು ಅಂಗುಲದ ಗೋಡೆಗೆ ಒಂಬತ್ತು ತಿಂಗಳು. ಅಕ್ಟೋಬರದ ಕೊನೆಯಿಂದ ಮೇ ಕೊನೆಯವರೆಗೆ ಇರುವುದು ಏಳೇ ತಿಂಗಳು. ಬಿಸಿಲೂ ಗಾಳಿಯೂ ತಾಗಿದರೆ ಬೇಗ ಒಣಗೀತು, ಬಣ್ಣದ ಹೊದಿಕೆಯಿದ್ದರೆ ತಡವಾದೀತು. ಆದುದರಿಂದ ಮೊದಲು ಕೆಟ್ಟ ಬಣ್ಣವನ್ನೂ ಸಡಿಲವಾದ ಸಾರಣೆಯನ್ನೂ ಕೆರೆದು ತೆಗೆಸಿ, ಗೋಡೆಗಳನ್ನು ಬರಿಮೈಯಲ್ಲಿ ಮಾರ್ಚ್‌ವರೆಗೆ ಬಿಟ್ಟು, ಆಮೇಲೆ ಸುಣ್ಣ ಸೇರಿಸಿದ ಸಾರಣೆ ಮಾಡಿಸಿದರು. ಕೆರೆಯುವ ಕೆಲಸದವರು ಮೂಗಿಗೂ ಬಾಯಿಗೂ ಮುಖವಾಡ ಕಟ್ಟಿದ್ದರು. ಮಕ್ಕಳನ್ನು ಆ ದಿನಗಳಲ್ಲಿ ಹತ್ತಿರ ಬಿಡಲಿಲ್ಲ. ಹಳೆಯ ಕಪಾಟನ್ನೂ ಹತ್ತಿಯ ಹಾಸಿಗೆಯನ್ನೂ ಇಟ್ಟುಕೊಳ್ಳಲಿಲ್ಲ. ಬೂಷ್ಟಿನ ಬೇರು ಇಳಿದ ಮೆತ್ತನೆಯ ವಸ್ತುವನ್ನು ತೊಳೆದು ಶುದ್ಧ ಮಾಡಲಾಗದು. ಸತ್ತ ಬೂಷ್ಟೂ ಉಬ್ಬಸದವರನ್ನು ಕೆಣಕುತ್ತದೆ.

ಕಳೆದ ಮೇ ತಿಂಗಳಲ್ಲಿ ಅವರು ಮನೆಯೊಕ್ಕಲಾದರು. ಮಕ್ಕಳಿಬ್ಬರೂ ನಡೆದೇ ಶಾಲೆಗೆ ಬರುತ್ತಾರೆ. ಹುಡುಗನ ಉಬ್ಬಸ ಗುಣವಾಗಿಲ್ಲ, ಔಷಧ ನಡೆಯುತ್ತಿದೆ. ಕಳೆದ ಮಳೆಗಾಲದಲ್ಲಿ ಅವನ ಹಾಜರಿ ತಪ್ಪಿದ ದಿನಗಳು ಅದಕ್ಕೆ ಹಿಂದಿನ ವರ್ಷಕ್ಕಿಂತ ಕಡಿಮೆಯೆಂಬುದನ್ನು ಹಾಜರಿಪುಸ್ತಕ ಹೇಳುತ್ತದೆ. ಮನೆಯಿಂದಲೋ, ಎರಡು ಬಸ್ಸುಗಳಲ್ಲಿ ನೆನೆಯುವುದು ತಪ್ಪಿದುದರಿಂದಲೋ, ಒಂದು ವರ್ಷ ದೊಡ್ಡವನಾದುದರಿಂದಲೋ ಎಂದು ಬೇರ್ಪಡಿಸಲು ಆಗದು. ಬಾಗಿಲು ಮುಚ್ಚಿದ ಗೋಡೆಯ ಮೇಲೆ ಅಕ್ಕ ಪೆನ್ಸಿಲಿನಿಂದ ತೇವದ ಗೆರೆಯನ್ನು ಗುರುತಿಸಿ ದಿನಾಂಕ ಬರೆದಿದ್ದಾಳೆ. ಜೂನ್ ಕೊನೆಯ ಗೆರೆ ನೆಲದಿಂದ ನಾಲ್ಕು ಅಂಗುಲ, ಜುಲೈ ಕೊನೆಯದು ಏಳು, ಆಗಸ್ಟ್ ಕೊನೆಯದೂ ಏಳು. ಈ ವರ್ಷದ ಮಳೆಗೆಂದು ಪಕ್ಕದಲ್ಲಿ ಜಾಗ ಬಿಟ್ಟಿದ್ದಾಳೆ.